ಓದುಗರ ಪ್ರಶ್ನೋತ್ತರ: ಕುಳ್ಳಗಿರುವ ಸವಾರರಿಗೆ ಎಷ್ಟು ದೊಡ್ಡ ಕುದುರೆ?

ಕುದುರೆ ಸವಾರಿಯ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಎತ್ತರ ಕಡಿಮೆಯಿರುವ ವಯಸ್ಕರು ತಮಗೆ ಹೊಂದುವ ಕುದುರೆಯನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದೇ ಆ ವಿಷಯ. ಮಿಕ್ಕ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇಲ್ಲಿ ಇದೊಂದನ್ನೇ ವಿವರವಾಗಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನ ಎತ್ತರ 4 ಅಡಿ 11 ಅಂಗುಲ, ತೂಕ 47 ಕೆಜಿ. ಇಲ್ಲಿನ ಸವಾರಿ ಶಾಲೆಯೊಂದರಲ್ಲಿ ರೇಸಿನಿಂದ ನಿವೃತ್ತವಾದ, 16 ಹ್ಯಾಂಡ್ (ಸುಮಾರು 163 ಸೆಂ.ಮೀ.) ಎತ್ತರದ ಕುದುರೆಗಳ ಮೇಲೆ ಕಲಿಯುತ್ತಿದ್ದೇನೆ. ಈಗ ಸ್ವಂತಕ್ಕೊಂದು ಕೊಳ್ಳುವ ಮನಸ್ಸಾಗಿದೆ. ಪೋನಿ, ಅಂದರೆ ಗಿಡ್ಡ ಜಾತಿಯ ಕುದುರೆಯೇ ನನಗೆ ಅನುಕೂಲ ಎಂದು ನನಗನ್ನಿಸುತ್ತದೆ. ಆದರೆ ನಮ್ಮ ಭಾವನವರು ‘ಪೋನಿ ಇರುವುದು ಮಕ್ಕಳಿಗೆ, ದೊಡ್ಡವರು ಹತ್ತಿದರೆ ಪ್ರಾಣಿಗೆ ಹಿಂಸೆ’ ಎನ್ನುತ್ತಾರೆ. ತರಬೇತುದಾರರು ‘ದೊಡ್ಡ ಕುದುರೆಯಲ್ಲೇ ಅಭ್ಯಾಸ ಮಾಡಿ, ಮುಂದೆ ಸರಿಹೋಗುತ್ತದೆ’ ಎನ್ನುತ್ತಾರೆ. ಯಾರ ಮಾತು ಕೇಳಲಿ? (ಹೆಸರು ಬೇಡ, ಬೆಂಗಳೂರು)

ನಿಮ್ಮ ಭಾವನವರ ಕಾಳಜಿ ಮೆಚ್ಚತಕ್ಕದ್ದು, ಆದರೆ ಲೆಕ್ಕ ಹಾಕಿ ನೋಡಿದರೆ ಅವರ ಮಾತು ನಿಮ್ಮ ವಿಷಯದಲ್ಲಿ ನಿಲ್ಲುವುದಿಲ್ಲ. ತರಬೇತುದಾರರ ಮಾತು ಅವರ ಲಾಯದಲ್ಲಿ ಇರುವ ಕುದುರೆಗಳ ಮಟ್ಟಿಗೆ ಸರಿ. ಕುಣಿಗಲ್‌ನಂಥ ಸ್ಟಡ್ ಫಾರಂ, ಬೆಂಗಳೂರು ಮತ್ತು ಮೈಸೂರಿನ ರೇಸ್ ಕೋರ್ಸ್ ಇರುವ ನಾಡಿನಲ್ಲಿ ಸವಾರಿ ಶಾಲೆಗಳಿಗೆ ಸುಲಭವಾಗಿ, ಕಡಿಮೆ ಬೆಲೆಗೆ ಸಿಗುವುದು ಓಟ ಮುಗಿಸಿದ, ಥರೋಬ್ರೆಡ್ ಎಂಬ ರೇಸಿನ ತಳಿಯ ಕುದುರೆ. ಆದ್ದರಿಂದಲೇ ನಮ್ಮಲ್ಲಿ ಕಲಿಯುವವರಿಗೆಲ್ಲ ಅದೇ ಅಳತೆ ಸಹಜ ಅಳತೆಯಾಗಿಬಿಟ್ಟಿದೆ. ಸ್ವಂತ ಹಣದಲ್ಲಿ ಕೊಳ್ಳುವವರು ಆ ಅಳತೆಗೆ ಕಟ್ಟುಬೀಳಬೇಕಾಗಿಲ್ಲ. ನಿಮ್ಮ ಮೈಕಟ್ಟಿಗೆ 13.2ರಿಂದ 14.3 ಹ್ಯಾಂಡ್‌ವರೆಗಿನ, ಗಟ್ಟಿ ಬೆನ್ನಿನ, ಚೆನ್ನಾಗಿ ಪಳಗಿದ ಕುದುರೆ ಅಥವಾ ಪೋನಿ ಸರಿಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಅಳತೆಯ ವಿಷಯ. ಒಂದು ಹ್ಯಾಂಡ್ ಎಂದರೆ 4 ಅಂಗುಲ, ಅಂದರೆ 10.16 ಸೆಂಟಿಮೀಟರ್. 14.2 ಎಂದು ಬರೆದಿದ್ದರೆ 14 ಹ್ಯಾಂಡ್ ಮತ್ತು 2 ಅಂಗುಲ ಎಂದು ಓದಬೇಕು, ದಶಮಾಂಶವೆಂದು ತಿಳಿಯಬಾರದು. ಈ ಎತ್ತರವನ್ನು ತಲೆಯವರೆಗೆ ಅಳೆಯುವುದಿಲ್ಲ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಎದ್ದು ಕಾಣುವ, ವಿದರ್ಸ್ ಎನ್ನುವ ಎಲುಬಿನ ಉಬ್ಬಿನಿಂದ ನೆಲದವರೆಗೆ, ಕುದುರೆಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ ಅಳೆಯುತ್ತಾರೆ. ಅಂತಾರಾಷ್ಟ್ರೀಯ ಸ್ಪರ್ಧೆಗಳ ನಿಯಮದಲ್ಲಿ ಲಾಳವಿಲ್ಲದೆ 148 ಸೆಂಟಿಮೀಟರ್, ಲಾಳ ಹೊಡೆದಿದ್ದರೆ 149 ಸೆಂಟಿಮೀಟರ್ ಮೀರದಿರುವುದು ಪೋನಿ. ಈ ಗೆರೆ ಸ್ಪರ್ಧೆಯ ಅನುಕೂಲಕ್ಕೆ ಎಳೆದದ್ದೇ ಹೊರತು ಪ್ರಾಣಿಯ ಶಕ್ತಿಯನ್ನು ಅಳೆದು ಎಳೆದದ್ದಲ್ಲ. ಐಸ್‌ಲ್ಯಾಂಡಿನ ಕುದುರೆಗಳು ಹೆಚ್ಚಾಗಿ 13ರಿಂದ 14 ಹ್ಯಾಂಡ್ ಇದ್ದರೂ ಅಲ್ಲಿನವರು ಅವನ್ನು ಪೋನಿ ಎನ್ನುವುದಿಲ್ಲ, ಕುದುರೆ ಎಂದೇ ಕರೆಯುತ್ತಾರೆ, ಮತ್ತು ಎತ್ತರದ ಗಂಡಸರೂ ಅವುಗಳ ಮೇಲೆ ದೂರದೂರ ಸವಾರಿ ಹೋಗುತ್ತಾರೆ. ನಮ್ಮ ಮಣಿಪುರದಲ್ಲಿ 11ರಿಂದ 13 ಹ್ಯಾಂಡ್‌ನ ಪುಟ್ಟ ಕುದುರೆಗಳ ಮೇಲೆ ಕೂತು ವಯಸ್ಕರು ಪೋಲೊ ಆಡುತ್ತ ಬಂದಿದ್ದಾರೆ.

ಇನ್ನು ತೂಕ. ಸವಾರ, ಜೀನು, ಬಟ್ಟೆ, ಬೂಟು, ಹೆಲ್ಮೆಟ್ ಎಲ್ಲ ಸೇರಿದ ಹೊರೆ ಕುದುರೆಯ ಸ್ವಂತ ತೂಕದ ಶೇ 20ನ್ನು ಮೀರಬಾರದು ಎಂಬುದು ಬಹಳ ಕಾಲದಿಂದ ಪಾಲಿಸುತ್ತಿರುವ ಮಿತಿ. ದಿನಬಳಕೆಗೆ ಶೇ 15ರ ಆಸುಪಾಸು ಇದ್ದರೆ ಪ್ರಾಣಿಗೆ ನೆಮ್ಮದಿ. ನಿಮ್ಮ 47 ಕೆಜಿಗೆ ಜೀನಿನ 8, ಉಳಿದದ್ದಕ್ಕೆ 3 ಕೆಜಿ ಸೇರಿಸಿದರೆ ಹೊರೆ 58 ಕೆಜಿ ಆಗುತ್ತದೆ. ಶೇ 20ರ ಲೆಕ್ಕದಲ್ಲಿ 290 ಕೆಜಿ ತೂಗುವ, ಶೇ 15ರ ಲೆಕ್ಕದಲ್ಲಿ ಸುಮಾರು 387 ಕೆಜಿ ತೂಗುವ ಪ್ರಾಣಿ ನಿಮಗೆ ಸಾಕು. ಈ ತೂಕದ ಕುದುರೆಗಳು 13.2ರಿಂದ 14.2 ಹ್ಯಾಂಡ್‌ನಲ್ಲಿ ಧಾರಾಳವಾಗಿ ಇರುತ್ತವೆ.

ಮಾರುವವರು ಹೇಳುವ ತೂಕವನ್ನು ನಂಬುವ ಬದಲು ದರ್ಜಿಯ ಟೇಪು ಹಿಡಿದು ನೀವೇ ಲೆಕ್ಕ ಹಾಕಬಹುದು. ವಿದರ್ಸ್‌ನ ಹಿಂದಿನಿಂದ ಮುಂಗಾಲಿನ ಮೊಣಕೈಯ ಹಿಂದೆ ಸುತ್ತಿ ಬರುವಂತೆ ಎದೆಯ ಸುತ್ತಳತೆ ತೆಗೆದುಕೊಳ್ಳಿ, ಕುದುರೆ ಉಸಿರು ಬಿಟ್ಟ ಗಳಿಗೆಯಲ್ಲಿ ಅಂಕಿ ನೋಡಿಕೊಳ್ಳಿ. ಆಮೇಲೆ ಭುಜದ ಮುಂದಿನ ಮೂಳೆಯ ತುದಿಯಿಂದ ಪೃಷ್ಠದ ಹಿಂದಿನ ತುದಿಯವರೆಗೆ ಮೈಯುದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಮೈಯುದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕೆಜಿಯಲ್ಲಿ ಅಂದಾಜು ತೂಕ ಸಿಗುತ್ತದೆ. ಅಳತೆಗಳು ಸೆಂಟಿಮೀಟರಿನಲ್ಲಿರಲಿ. ಸುತ್ತಳತೆ 165, ಮೈಯುದ್ದ 145 ಇರುವ ಪ್ರಾಣಿ ಈ ಲೆಕ್ಕದಂತೆ ಸುಮಾರು 332 ಕೆಜಿ ತೂಗುತ್ತದೆ, ನಿಮ್ಮ ಹೊರೆ ಅದರ ಶೇ 17ರಿಂದ 18ರಷ್ಟಾಗುತ್ತದೆ. ಭಾವನವರಿಗೆ ಈ ಲೆಕ್ಕವನ್ನು ತೋರಿಸಿ. ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು: ಕೊಬ್ಬಿ ದಪ್ಪಗಾದ ಪ್ರಾಣಿಯ ತೂಕ ಜಾಸ್ತಿ ಬಂದರೂ ಹೊರುವ ಶಕ್ತಿ ಜಾಸ್ತಿಯಾಗುವುದಿಲ್ಲ, ಅದು ಆಗಲೇ ತನ್ನದೇ ಕೊಬ್ಬನ್ನು ಹೊರುತ್ತಿರುತ್ತದೆ.

ಮೂರನೆಯದು, ಮತ್ತು ಕುಳ್ಳಗಿರುವವರು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು, ಕುದುರೆಯ ಒಡಲಿನ ಗಾತ್ರ. ಒಂದೇ ಎತ್ತರದ ಎರಡು ಕುದುರೆಗಳಲ್ಲಿ ಒಂದರ ಪಕ್ಕೆಗಳು ಚಪ್ಪಟೆಯಾಗಿ ಇಳಿದಿರುತ್ತವೆ, ಇನ್ನೊಂದರವು ಪೀಪಾಯಿಯಂತೆ ಉಬ್ಬಿರುತ್ತವೆ. ಉದ್ದ ಕಾಲಿನವರಿಗೆ ಉಬ್ಬಿದ ಒಡಲು ಒಳ್ಳೆಯದು, ಅವರ ಕಾಲನ್ನು ಅದು ತುಂಬಿಕೊಳ್ಳುತ್ತದೆ. ನಿಮ್ಮ ಕಾಲಿಗೆ ಅದೇ ಒಡಲು ತೊಡೆಗಳನ್ನು ಅಗಲಿಸಿ, ಮಂಡಿಯನ್ನು ಜೀನಿನಿಂದ ಆಚೆಗೆ ತಳ್ಳುತ್ತದೆ, ಒಂದು ಗಂಟೆ ಕೂತು ಇಳಿದರೆ ಸೊಂಟದ ಕೀಲು ಹಿಡಿದುಕೊಳ್ಳುತ್ತದೆ. ಹೀಗಾಗಿ 15.2 ಹ್ಯಾಂಡ್‌ನ ಕಿರಿದಾದ ಥರೋಬ್ರೆಡ್ ಮೇಲೆ ಹಗುರಾಗಿ ಕೂರುವವರು 14 ಹ್ಯಾಂಡ್‌ನ ಅಗಲ ಒಡಲಿನ ಪ್ರಾಣಿಯ ಮೇಲೆ ಒದ್ದಾಡುವುದುಂಟು. ಎತ್ತರದ ಅಂಕಿಯನ್ನಷ್ಟೇ ನೋಡಿ ಹಣ ಕೊಡಬಾರದು ಎನ್ನುವುದು ಈ ಕಾರಣಕ್ಕೆ.

ಇದನ್ನು ಪರೀಕ್ಷಿಸುವ ಬಗೆ ಸುಲಭ. ಜೀನಿನಲ್ಲಿ ಕೂತು, ರಿಕಾಪಿನಿಂದ (ಪಾದ ಊರುವ ಬಳೆ) ಪಾದ ತೆಗೆದು, ಕಾಲನ್ನು ಸಡಿಲವಾಗಿ ಇಳಿಬಿಟ್ಟು, ಯಾರಾದರೂ ಪಕ್ಕದಿಂದಲೂ ಮುಂದಿನಿಂದಲೂ ಫೋಟೊ ತೆಗೆಯಲಿ. ನಿಮ್ಮ ಮೀನಖಂಡದ ಒಳಬದಿ ಕುದುರೆಯ ಪಕ್ಕೆಗೆ ತಾಗುತ್ತಿರಬೇಕು, ಹಿಮ್ಮಡಿ ಒಡಲಿನ ಇಳಿಜಾರು ಒಳಮುಖವಾಗಿ ತಿರುಗುವ ಜಾಗದ ಹತ್ತಿರ ಬರಬೇಕು. ಹಿಮ್ಮಡಿ ಪಕ್ಕೆಯ ಮಧ್ಯದಲ್ಲೇ ನಿಂತುಬಿಟ್ಟರೆ ಆ ಕುದುರೆ ನಿಮಗೆ ದೊಡ್ಡದು. ಪಾದಗಳು ಹೊಟ್ಟೆಯ ಗೆರೆಯನ್ನೂ ದಾಟಿ ಕೆಳಗೆ ನೇತಾಡಿದರೆ ಚಿಕ್ಕದು. ಈ ಪರೀಕ್ಷೆಗೆ ಮುನ್ನ ಜೀನನ್ನೂ ನೋಡಿಕೊಳ್ಳಿ. ಸವಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ 17 ಅಥವಾ 17.5 ಅಂಗುಲದ ಜೀನುಗಳಿರುತ್ತವೆ, ಅವುಗಳ ಪಕ್ಕದ ಚರ್ಮದ ಹಾಳೆ ಉದ್ದವಾಗಿರುತ್ತದೆ. ಕುಳ್ಳಗಿನವರು ಅದರಲ್ಲಿ ಕೂತಾಗ ಮೀನಖಂಡವೆಲ್ಲ ಆ ಹಾಳೆಯ ಮೇಲೆಯೇ ಉಳಿದು, ಒತ್ತಿದ್ದು ಕುದುರೆಗೆ ತಿಳಿಯುವುದೇ ಇಲ್ಲ. ಅವರು ಇನ್ನಷ್ಟು ಜೋರಾಗಿ ಒದೆಯುತ್ತಾರೆ, ಚರ್ಮಕ್ಕೆ ಬೂಟು ಬಡಿಯುವ ಸದ್ದು ಅಂಗಳದ ಆಚೆಗೂ ಕೇಳಿಸುತ್ತದೆ, ಕುದುರೆ ಮಾತ್ರ ಹಾಗೇ ನಿಂತಿರುತ್ತದೆ. ಇಂಥ ಕಡೆ ಕುದುರೆಗೆ ಮೈಗಳ್ಳತನದ ಹೆಸರು ಬರುವುದು ಬಹಳ ಅನ್ಯಾಯ. 15.5ರಿಂದ 16.5 ಅಂಗುಲದ, ಗಿಡ್ಡ ಹಾಳೆಯ ಜೀನು ಹಾಕಿದ ಕೂಡಲೇ ಅದೇ ಕುದುರೆ ಮೆಲ್ಲಗೆ ಒತ್ತಿದರೂ ನಡೆಯುವುದನ್ನು ನೋಡಬಹುದು. ಚಿಕ್ಕ ಬೆನ್ನಿನ ಕುದುರೆಗೂ ಈ ಜೀನೇ ಕ್ಷೇಮ, ಏಕೆಂದರೆ ಜೀನಿನ ಹಿಂಬದಿ ಕೊನೆಯ ಪಕ್ಕೆಲುಬನ್ನು ದಾಟಿ ಸೊಂಟದ ಮೇಲೆ ಕೂರಬಾರದು.

ಎತ್ತರದಿಂದ ಆಗುವ ತೊಂದರೆಗಳು ಸವಾರಿಯಲ್ಲಿ ಕಾಣುವುದಕ್ಕಿಂತ ದಿನದ ಆರೈಕೆಯಲ್ಲಿ ಹೆಚ್ಚು ಕಾಣುತ್ತವೆ. ಶಾಲೆಯಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಜೀನು ಹಾಕಿ, ಲಗಾಮು ತೊಡಿಸಿ ತಂದು ನಿಲ್ಲಿಸುತ್ತಾರೆ. ಸ್ವಂತ ಕುದುರೆಯಾದರೆ ಸೈಸ್ ರಜೆಯಲ್ಲಿರುವ ದಿನ ನೀವೇ ಮಾಡಬೇಕು. 16 ಹ್ಯಾಂಡ್‌ನ ಕುದುರೆ ತಲೆ ಮೇಲೆತ್ತಿಬಿಟ್ಟರೆ ಕಿವಿಯ ಹಿಂದಕ್ಕೆ ನಿಮ್ಮ ಕೈ ಎಟುಕುವುದಿಲ್ಲ, ಭಾರದ ಜೀನನ್ನು ತಲೆಯ ಮೇಲಿನ ಎತ್ತರಕ್ಕೆ ಎತ್ತಿ ಮೆಲ್ಲಗೆ ಇಳಿಸಲಾಗದೆ ಎಸೆದಂತಾಗುತ್ತದೆ, ಬೆನ್ನಿನ ಮೇಲೆ ಹುಣ್ಣಾಗಿದೆಯೇ ಎಂದು ಕಣ್ಣಿಂದ ನೋಡುವುದಕ್ಕೂ ಸ್ಟೂಲು ಬೇಕಾಗುತ್ತದೆ. 14 ಹ್ಯಾಂಡ್‌ನ ಕುದುರೆಯ ಬೆನ್ನು ನಿಮ್ಮ ಕಣ್ಣಳತೆಯಲ್ಲೇ ಇರುತ್ತದೆ. ನಿಂತು ಕೈಯಾಡಿಸಬಹುದಾದ ಪ್ರಾಣಿಯನ್ನು ಮನುಷ್ಯರು ಹೆಚ್ಚು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಇದನ್ನು ನಾನು ಒತ್ತಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಈ ಅಳತೆಗೆ ಮೊದಲು ಹುಡುಕಬೇಕಾದದ್ದು ಕಾಠಿಯಾವಾಡಿ. ಕಿವಿಗಳ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ಮುಟ್ಟುವ, ಸೌರಾಷ್ಟ್ರದ ಈ ತಳಿ ಸಾಧಾರಣವಾಗಿ 14.2ರಿಂದ 15 ಹ್ಯಾಂಡ್ ಇರುತ್ತದೆ, ಒಡಲು ಕಿರಿದು, ಬಿಸಿಲು ತಾಳುವ ಶಕ್ತಿ ಅಪಾರ. ರಾಜಸ್ಥಾನದ ಮಾರ್ವಾಡಿಯಲ್ಲಿ ಈ ಅಳತೆಯವೂ ಇವೆ, ಆದರೆ ಮಾರುಕಟ್ಟೆಯ ಒಲವು ಎತ್ತರದವುಗಳ ಕಡೆಗಿರುವುದರಿಂದ ಚಿಕ್ಕದನ್ನು ಕೇಳಿ ಹುಡುಕಿಸಬೇಕು. ಹಾಗೆ ಹುಡುಕಿದರೆ ಬೆಲೆಯೂ ಇಳಿಯುತ್ತದೆ. ಭೀಮಾ ತೀರದ ಭೀಮಥಡಿ ಕುದುರೆಗಳು ಕುರಿಗಾಹಿ ಧನಗರರ ಸಾಮಾನು ಹೊತ್ತು ನಡೆಯುವ ಗಟ್ಟಿ ಪ್ರಾಣಿಗಳು, ನಮ್ಮ ಹವೆಗೂ ಹೊಂದಿದವು. ಲಡಾಖಿನ ಝಾನ್ಸ್ಕಾರಿ ಮತ್ತು ಹಿಮಾಚಲದ ಸ್ಪಿತಿ ಪೋನಿಗಳು ನಿಮ್ಮ ತೂಕವನ್ನು ಹೊರಬಲ್ಲವಾದರೂ ಎತ್ತರದ ತಂಪು ನಾಡಿನವು, ಅವನ್ನು ಬೆಂಗಳೂರಿಗೆ ತರಿಸುವುದನ್ನು ನಾನು ಒಪ್ಪುವುದಿಲ್ಲ. ಗಿರಿಧಾಮಗಳಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುವ ಬಡಕಲು ತಟ್ಟುಗಳು ಕನಿಕರಕ್ಕೆ ಅರ್ಹ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಹಗ್ಗ ಹಿಡಿದವನ ಹಿಂದೆ ನಡೆಯುವುದೊಂದು ಬಿಟ್ಟು ಬೇರೆ ತರಬೇತಿ ಆಗಿರುವುದಿಲ್ಲ.

ತೊಡಕಿರುವುದು ಇಲ್ಲಿಯೇ. ನಿಮ್ಮ ಅಳತೆಯ ಪ್ರಾಣಿ ನಮ್ಮಲ್ಲಿ ಸಿಗುತ್ತದೆ, ನಿಮ್ಮ ಅಳತೆಯದಾಗಿದ್ದು ಸವಾರಿಗೆ ಸರಿಯಾಗಿ ಪಳಗಿದ್ದು ಸಿಗುವುದು ಕಷ್ಟ. ಮಕ್ಕಳನ್ನಷ್ಟೇ ಹೊತ್ತ ಪೋನಿಗಳು ಅನೇಕ ಸಲ ತಮ್ಮ ಇಷ್ಟದಂತೆ ನಡೆದು ರೂಢಿಯಾಗಿರುತ್ತವೆ, ಮೆರವಣಿಗೆ ಮತ್ತು ಮದುವೆಗಳಲ್ಲಿ ಕುಣಿಸಿದ ಕುದುರೆಗಳಿಗೆ ಕಡಿವಾಣದ ಭಯ ಹಿಡಿದಿರುತ್ತದೆ. ಎತ್ತರ ಒಂದೆರಡು ಅಂಗುಲ ಹೆಚ್ಚುಕಡಿಮೆಯಾದರೂ ಸರಿ, ನಿಂತು ಹತ್ತಿಸಿಕೊಳ್ಳುವ, ರಸ್ತೆಯ ಸದ್ದಿಗೆ ಬೆದರದ, 8ರಿಂದ 14 ವರ್ಷದೊಳಗಿನ ಪ್ರಾಣಿಗೆ ಆದ್ಯತೆ ಕೊಡಿ. 3 ವರ್ಷದ ಮರಿ ಎಷ್ಟೇ ಅಗ್ಗವಾಗಿದ್ದರೂ ಬೇಡ, ಅದರ ಬೆನ್ನೆಲುಬು ಇನ್ನೂ ಬಲಿತಿರುವುದಿಲ್ಲ.

ನೋಡಲು ಹೋದಾಗ ಮೊದಲು ಮಾರುವವರೇ ಸವಾರಿ ಮಾಡಿ ತೋರಿಸಲಿ. ನೀವು ಹೋಗುವುದಕ್ಕೆ ಮೊದಲೇ ಓಡಿಸಿ ಬೆವರಿಳಿಸಿ ನಿಲ್ಲಿಸಿದ್ದರೆ ಇನ್ನೊಂದು ದಿನ, ತಿಳಿಸದೆ ಹೋಗಿ ನೋಡಿ. ನೀವೇ ಜೀನು ಹಾಕಿ, ಎರಡೂ ದಿಕ್ಕಿಗೆ ನಡಿಗೆ, ಟ್ರಾಟ್ (ಸಣ್ಣ ಓಟ), ಕ್ಯಾಂಟರ್ (ಅದಕ್ಕಿಂತ ವೇಗದ ಓಟ) ಮಾಡಿಸಿ, ಇಳಿದ ಮೇಲೆ ಬೆನ್ನೆಲುಬಿನ ಎರಡೂ ಪಕ್ಕದ ಮಾಂಸದ ಮೇಲೆ ಬೆರಳೊತ್ತಿ ನೋಡಿ. ಪ್ರಾಣಿ ಬೆನ್ನು ಕುಗ್ಗಿಸಿದರೆ ನೋವಿದೆ ಎಂದರ್ಥ. ಕುದುರೆಗಳನ್ನು ನೋಡಿ ಅನುಭವವಿರುವ ಪಶುವೈದ್ಯರ ತಪಾಸಣೆಯ ಜೊತೆಗೆ ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆಯ ವರದಿಯನ್ನು ಕೇಳದೆ ಮುಂಗಡ ಕೊಡಬೇಡಿ. ಅದು ಮನುಷ್ಯರಿಗೂ ಹರಡುವ ರೋಗ. ಸೋಂಕು ದೃಢಪಟ್ಟ ಪ್ರಾಣಿಗೆ ಕಾನೂನಿನಂತೆ ದಯಾಮರಣ ಕೊಡಬೇಕಾಗುತ್ತದೆ.

ಪ್ರಶ್ನೆ: ರೇಸಿನ ಜಾಕಿಗಳೆಲ್ಲ ಕುಳ್ಳಗೆ, ತೆಳ್ಳಗೆ ಇರುತ್ತಾರೆ. ಅವರು 16 ಹ್ಯಾಂಡ್‌ನ ಕುದುರೆಗಳನ್ನು ನಿಭಾಯಿಸುವುದಾದರೆ ಉಳಿದವರಿಗೆ ಏಕೆ ಆಗದು? (ಮೈಸೂರಿನ ಓದುಗರು)

ಖಂಡಿತ ಆಗುತ್ತದೆ, ದೊಡ್ಡ ಕುದುರೆಯನ್ನು ಬಲದಿಂದ ಹಿಡಿಯುವುದು ಐದಡಿಯವರಿಗೂ ಸಾಧ್ಯವಿಲ್ಲ, ಆರಡಿಯವರಿಗೂ ಸಾಧ್ಯವಿಲ್ಲ. ಅದು ತರಬೇತಿಯಿಂದ ಆಗುವ ಕೆಲಸ. ಆದರೆ ಜಾಕಿಯ ಕೆಲಸವನ್ನು ಸಾಮಾನ್ಯ ಸವಾರಿಗೆ ಹೋಲಿಸಲಾಗದು. ಜಾಕಿ ರಿಕಾಪನ್ನು ಬಹಳ ಗಿಡ್ಡ ಮಾಡಿಕೊಂಡು ಜೀನಿನಿಂದ ಮೇಲೆದ್ದು ನಿಂತಿರುತ್ತಾರೆ, ಕಾಲಿನಿಂದ ಒಡಲನ್ನು ಅಪ್ಪಿ ಕೂರುವ ಪ್ರಶ್ನೆಯೇ ಅಲ್ಲಿಲ್ಲ. ಅವರನ್ನು ಇನ್ನೊಬ್ಬರು ಕಾಲು ಹಿಡಿದು ಎತ್ತಿ ಕೂರಿಸುತ್ತಾರೆ. ಕುದುರೆಯ ಆರೈಕೆಗೆ ಸೈಸ್, ತರಬೇತಿಗೆ ಟ್ರೇನರ್, ವೈದ್ಯಕ್ಕೆ ಡಾಕ್ಟರು ಬೇರೆ ಬೇರೆ ಇರುತ್ತಾರೆ, ಜಾಕಿ ಕೆಲವು ನಿಮಿಷಗಳಲ್ಲಿ ಇಳಿದುಬಿಡುತ್ತಾರೆ. ಇದಿಷ್ಟನ್ನೂ ಒಬ್ಬರೇ ಮಾಡಬೇಕಾದ ಸವಾರರಿಗೆ ಪ್ರಾಣಿಯ ಅಳತೆ ತಮ್ಮ ಕೈಗೆಟಕುವಂತಿದ್ದರೆ ಒಳ್ಳೆಯದು ಎಂಬುದಷ್ಟೇ ನನ್ನ ಮಾತು.

ಪ್ರಶ್ನೆ: ನಾನು 5 ಅಡಿ 2 ಅಂಗುಲದ ಗಂಡಸು. ತೂಕ 72 ಕೆಜಿ. ಕುಳ್ಳಗಿದ್ದೇನೆ ಎಂಬ ಕಾರಣಕ್ಕೆ ಪರಿಚಯದವರು 13.2 ಹ್ಯಾಂಡ್‌ನ ಪೋನಿ ಕೊಡಿಸುತ್ತೇವೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ? (ಹುಬ್ಬಳ್ಳಿಯ ಓದುಗರು)

ಬೇಡ. ಮೇಲಿನ ಉತ್ತರದ ಲೆಕ್ಕವನ್ನೇ ಹಾಕಿ ನೋಡಿ: ಜೀನು, ಬಟ್ಟೆಬರೆ ಸೇರಿ ನಿಮ್ಮ ಹೊರೆ 83 ಕೆಜಿ. ಶೇ 20ರ ಮಿತಿಯಲ್ಲಿ ನಿಲ್ಲಬೇಕಾದರೂ 415 ಕೆಜಿ ತೂಗುವ ಕುದುರೆ ಬೇಕು, ಶೇ 15ಕ್ಕೆ 550 ಕೆಜಿ ಮೀರಬೇಕು. ಹಗುರ ಮೈಯ 13.2 ಹ್ಯಾಂಡ್‌ನ ಪೋನಿ ಇದರ ಹತ್ತಿರಕ್ಕೂ ಬರುವುದಿಲ್ಲ. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 8 ಕುದುರೆಗಳ ಮೇಲೆ ಅವುಗಳ ತೂಕದ ಶೇ 15, 20, 25 ಮತ್ತು 30ರಷ್ಟು ಹೊರೆ ಹೊರಿಸಿ ನೋಡಲಾಯಿತು. ಹೊರೆ ಶೇ 25 ಮುಟ್ಟಿದಾಗ ಮಾಂಸಖಂಡಗಳ ನೋವು ಹೆಚ್ಚಿತು, ಶೇ 30ರಲ್ಲಿ ಇನ್ನೂ ಹೆಚ್ಚಿತು. ಸೊಂಟದ ಭಾಗ ಅಗಲವಾಗಿದ್ದ ಕುದುರೆಗಳಿಗೆ ನೋವು ಕಡಿಮೆ ಇತ್ತು ಎಂಬುದೂ ಅದರಲ್ಲಿ ಕಂಡುಬಂತು. ಎಂಟೇ ಕುದುರೆಗಳ ಪರೀಕ್ಷೆಯಿಂದ ಎಲ್ಲ ಕುದುರೆಗಳಿಗೂ ಒಂದೇ ನಿಯಮ ಮಾಡಲಾಗದು ಎಂಬುದು ನಿಜ, ಆದರೆ ಸಂದೇಹದ ಲಾಭ ಮಾತು ಬಾರದ ಪ್ರಾಣಿಗೆ ಸಿಗಬೇಕು.

ನಿಮಗೆ 14.3ರಿಂದ 15.2 ಹ್ಯಾಂಡ್‌ನ, ಗಿಡ್ಡ ಬೆನ್ನಿನ, ಅಗಲ ಸೊಂಟದ, ದಪ್ಪ ಕಾಲುಮೂಳೆಯ ಕುದುರೆ ಸರಿ. ಬೆನ್ನು ಉದ್ದವಾಗಿ ನಡು ಬಾಗಿರುವುದು ಎತ್ತರವಿದ್ದರೂ ಬೇಡ. ನೀವು ಹೊಸದಾಗಿ ಕಲಿಯುತ್ತಿದ್ದರೆ ಇದನ್ನು ಇನ್ನೂ ಗಟ್ಟಿಯಾಗಿ ಪಾಲಿಸಬೇಕು, ಏಕೆಂದರೆ ಟ್ರಾಟ್‌ನಲ್ಲಿ ಲಯ ತಪ್ಪಿ ಜೀನಿನ ಮೇಲೆ ದೊಪ್ಪನೆ ಬೀಳುವ 72 ಕೆಜಿ, ಸಮತೋಲದಲ್ಲಿ ಕೂತ 72 ಕೆಜಿಗಿಂತ ಪ್ರಾಣಿಗೆ ಬಹಳ ಭಾರ.

ಪ್ರಶ್ನೆ: ನಾವು ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ನೆಲೆಸಿದ್ದೇವೆ. ನನ್ನ ಎತ್ತರ 152 ಸೆಂ.ಮೀ., ತೂಕ 55 ಕೆಜಿ, ಸೊಂಟದ ಕೀಲಿನಲ್ಲಿ ಸ್ವಲ್ಪ ಬಿಗಿತವಿದೆ. ಇಲ್ಲಿ ಪೋನಿಗಳ ತಳಿಗಳು ಬಹಳ ಇವೆ, ಯಾವುದನ್ನು ನೋಡಲಿ? (ಲೀಡ್ಸ್‌ನ ಓದುಗರು)

ನಮ್ಮಲ್ಲಿ ಹುಡುಕಿದರೂ ಸಿಗದ ಅನುಕೂಲ ನಿಮಗೆ ಅಲ್ಲಿದೆ. ಬ್ರಿಟನ್ ಮತ್ತು ಐರ್ಲೆಂಡಿನ ಸ್ಥಳೀಯ ಪೋನಿಗಳಲ್ಲಿ ಹಲವು ತಳಿಗಳು ವಯಸ್ಕರನ್ನೇ ಹೊತ್ತು ಬೆಳೆದುಬಂದವು. ನಿಮ್ಮ ನೆರೆಯ ಡೇಲ್ಸ್ ಪೋನಿಗಳು ಪೆನ್ನೈನ್ ಬೆಟ್ಟಗಳಲ್ಲಿ ಸೀಸದ ಗಣಿಗಳ ಅದಿರನ್ನು ಹೊರುತ್ತಿದ್ದವು, ಸ್ಕಾಟ್ಲೆಂಡಿನ ಹೈಲ್ಯಾಂಡ್ ಪೋನಿಗಳು ಇಂದಿಗೂ ಬೇಟೆಯಾಡಿದ ಜಿಂಕೆಯನ್ನು ಗುಡ್ಡದಿಂದ ಇಳಿಸುತ್ತವೆ. ಡೇಲ್ಸ್, ಹೈಲ್ಯಾಂಡ್, ಕಾನೆಮಾರಾ ಮೂರರ ಮೇಲ್ಮಿತಿಯೂ 14.2 ಹ್ಯಾಂಡ್, ಫೆಲ್ ಪೋನಿಯದು 14. ವೆಲ್ಷ್ ತಳಿಯ ಸಿ ವಿಭಾಗದ್ದು 13.2ರವರೆಗೆ ಇರುತ್ತದೆ, ಡಿ ವಿಭಾಗಕ್ಕೆ ಮೇಲ್ಮಿತಿಯಿಲ್ಲ.

ಸೊಂಟದ ಬಿಗಿತ ಇರುವುದರಿಂದ ಹೈಲ್ಯಾಂಡ್ ಮತ್ತು ಅಗಲವಾದ ಡೇಲ್ಸ್ ನಿಮಗೆ ಹಿಂಸೆಯಾದೀತು, ಅವು ಹೊರುವುದರಲ್ಲಿ ಎಷ್ಟೇ ಸಮರ್ಥವಾಗಿದ್ದರೂ. ಕಾನೆಮಾರಾ ಸಾಮಾನ್ಯವಾಗಿ ಅಷ್ಟು ಅಗಲವಲ್ಲ, ನಡಿಗೆ ನಯ, ಭುಜ ಸವಾರಿಗೆ ಹೇಳಿ ಮಾಡಿಸಿದ್ದು. 14 ಹ್ಯಾಂಡ್ ಆಸುಪಾಸಿನ ಪಳಗಿದ ಕಾನೆಮಾರಾ ಅಥವಾ ತೆಳು ಮೈಯ ಫೆಲ್ ಪೋನಿಯನ್ನು ನೀವು ಮೊದಲು ನೋಡಬೇಕು. ವೆಲ್ಷ್ ಡಿ ವಿಭಾಗದವು ಚುರುಕು, ಕೆಲವು ವಿಪರೀತ ಚುರುಕು, ಆದ್ದರಿಂದ ನಾಲ್ಕಾರು ಬಾರಿ ಸವಾರಿ ಮಾಡಿ ನೋಡದೆ ಒಪ್ಪಿಕೊಳ್ಳಬೇಡಿ.

ಅಲ್ಲಿನ ಪೋನಿಗಳ ದೊಡ್ಡ ಕಷ್ಟ ಮೇವಿನ ಕೊರತೆಯಿಂದ ಬರುವುದಲ್ಲ, ಮೇವಿನ ಸಮೃದ್ಧಿಯಿಂದ ಬರುವುದು. ಬರಡು ಗುಡ್ಡದ ಹುಲ್ಲಿಗೆ ಹೊಂದಿಕೊಂಡ ಈ ಪ್ರಾಣಿಗಳನ್ನು ತಗ್ಗಿನ ಹಸಿರು ಹುಲ್ಲುಗಾವಲಿಗೆ ಬಿಟ್ಟರೆ ಹುಲ್ಲಿನ ಸಕ್ಕರೆಯಿಂದಲೂ ಏರುವ ಕೊಬ್ಬಿನಿಂದಲೂ ಲ್ಯಾಮಿನೈಟಿಸ್ ಬರುತ್ತದೆ. ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರಗಳು ಉರಿಗೊಂಡು ಸಡಿಲವಾಗುವ ರೋಗವದು, ತುಂಬ ನೋವಿನದು, ಕೈಮೀರಿದರೆ ಪ್ರಾಣಿ ಉಳಿಯುವುದಿಲ್ಲ. ಮುಂಗಾಲನ್ನು ಮುಂದಕ್ಕೆ ಚಾಚಿ ಭಾರವನ್ನು ಹಿಂದಕ್ಕೆ ಹಾಕಿ ನಿಲ್ಲುವುದು, ಗೊರಸು ಬೆಚ್ಚಗಿರುವುದು ಅದರ ಗುರುತು. ಕೊಳ್ಳುವಾಗ ಈ ರೋಗ ಹಿಂದೆ ಬಂದಿತ್ತೇ ಎಂದು ಬರಹದಲ್ಲಿ ಕೇಳಿ, ಗೊರಸಿನ ಮೇಲಿನ ಬಳೆಯಂಥ ಗೆರೆಗಳು ಹಿಮ್ಮಡಿಯ ಕಡೆಗೆ ಅಗಲವಾಗುತ್ತಿವೆಯೇ ಎಂದು ಪಶುವೈದ್ಯರಿಂದ ನೋಡಿಸಿ, ವಸಂತದಲ್ಲಿ ಹುಲ್ಲಿಗೆ ಬಿಡದೆ ಕಟ್ಟುವ ಜಾಗ ನಿಮ್ಮ ಲಾಯದಲ್ಲಿ ಇದೆಯೇ ಎಂಬುದನ್ನು ಪೋನಿ ತರುವುದಕ್ಕೆ ಮೊದಲೇ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ನನ್ನ ಮಗಳಿಗೆ 19 ವರ್ಷ, 150 ಸೆಂ.ಮೀ. ಎತ್ತರ. 14.1 ಹ್ಯಾಂಡ್‌ನ ಕುದುರೆಯ ಮೇಲೆ ಜಿಗಿತ ಕಲಿತಿದ್ದಾಳೆ. ಸ್ಪರ್ಧೆಗೆ ಹೋಗಬೇಕಾದರೆ ದೊಡ್ಡ ಕುದುರೆಯೇ ಬೇಕು ಎನ್ನುತ್ತಾರೆ. ನಿಜವೇ? (ಮಡಿಕೇರಿಯ ಓದುಗರು)

ಪೋನಿ ವಿಭಾಗದ ಅಂತಾರಾಷ್ಟ್ರೀಯ ಸ್ಪರ್ಧೆಗಳು 16 ವರ್ಷದವರೆಗಿನ ಮಕ್ಕಳಿಗೆ ಮಾತ್ರ, ಆದ್ದರಿಂದ ಮಗಳು ದೊಡ್ಡ ಕುದುರೆಗಳ ಜೊತೆಯಲ್ಲೇ ಸ್ಪರ್ಧಿಸಬೇಕಾಗುತ್ತದೆ. ಅದು ಅಸಾಧ್ಯವೇನಲ್ಲ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಮರಿಯನ್ ಕೋಕ್ಸ್, ಸ್ಟ್ರೋಲರ್ ಎಂಬ 14.1 ಹ್ಯಾಂಡ್‌ನ ಪೋನಿಯ ಮೇಲೆ ವೈಯಕ್ತಿಕ ಜಿಗಿತದಲ್ಲಿ ಬೆಳ್ಳಿ ಗೆದ್ದರು. ನಿಮ್ಮ ಮಗಳ ಕುದುರೆಯದೂ ಅದೇ ಅಳತೆ.

ಆದರೆ ತಡೆಗಳ ಎತ್ತರಕ್ಕಿಂತ ಅವುಗಳ ನಡುವಿನ ಅಂತರ ಚಿಕ್ಕ ಕುದುರೆಗೆ ಕಷ್ಟ ಕೊಡುತ್ತದೆ. ಕ್ಯಾಂಟರ್‌ನಲ್ಲಿ ಕುದುರೆಯ ಒಂದು ಹೆಜ್ಜೆ 12 ಅಡಿ ಎಂದು ಹಿಡಿದು ತಡೆಗಳನ್ನು ಹೂಡುತ್ತಾರೆ. ಚಿಕ್ಕ ಕುದುರೆ ಅದಕ್ಕಿಂತ ಗಿಡ್ಡ ಹೆಜ್ಜೆಯದಾದರೆ ಎರಡು ಹೆಜ್ಜೆಯ ಜೋಡಿ ತಡೆಯಲ್ಲಿ ಒಂದೋ ಮೈಚಾಚಿ ಓಡಬೇಕು, ಇಲ್ಲವೇ ಇನ್ನೊಂದು ಹೆಜ್ಜೆ ತುರುಕಿ ತಡೆಯ ಬುಡಕ್ಕೇ ಬಂದು ಜಿಗಿಯಬೇಕು. ಮನೆಯಲ್ಲಿ ಅದೇ ಅಂತರಕ್ಕೆ ಕೋಲುಗಳನ್ನು ನೆಲದ ಮೇಲಿಟ್ಟು, ಕುದುರೆ ಆತುರಪಡದೆ ಹೆಜ್ಜೆ ಉದ್ದ ಮಾಡಬಲ್ಲುದೇ ಎಂದು ನೋಡಿ. ಮಾಡಬಲ್ಲದಾದರೆ 90 ಸೆಂಟಿಮೀಟರ್, ಒಂದು ಮೀಟರ್ ಮಟ್ಟದ ಸ್ಪರ್ಧೆಗಳಿಗೆ ಈಗಿನ ಕುದುರೆಯಲ್ಲೇ ಹೋಗಲಿ. ಪರಸ್ಪರ ಅರಿತ ಜೋಡಿಯನ್ನು ಅಳತೆಯ ನೆಪದಲ್ಲಿ ಮುರಿಯಬೇಡಿ.

ಪ್ರಶ್ನೆ: ಕುಳ್ಳಗಿರುವ ನಾನು ನೆಲದಿಂದಲೇ ಕುದುರೆ ಹತ್ತುವುದನ್ನು ಕಲಿಯಲೇಬೇಕೇ? ಕಟ್ಟೆಯ ಮೇಲೆ ನಿಂತು ಹತ್ತುವುದು ನಾಚಿಕೆಯ ವಿಷಯ ಎನ್ನುತ್ತಾರೆ. (ಶಿವಮೊಗ್ಗದ ಓದುಗರು)

ತುರ್ತಿಗೆ ಬೇಕಾಗುವುದರಿಂದ ಕಲಿತಿಡಿ, ದಿನವೂ ಮಾಡಬೇಡಿ. ನೆಲದಿಂದ ಹತ್ತುವವರ ಭಾರವೆಲ್ಲ ಎಡ ರಿಕಾಪಿಗೆ ಬಿದ್ದು, ಜೀನು ಎಡಕ್ಕೆ ಜಗ್ಗಿ, ವಿದರ್ಸ್‌ನ ಬಲಪಕ್ಕವನ್ನು ಒತ್ತುತ್ತದೆ. ಎತ್ತರ ಕಡಿಮೆಯಾದಷ್ಟೂ ಈ ಎಳೆತ ಹೆಚ್ಚು. ಹತ್ತುವಾಗ ಕುದುರೆಯ ಮುಂಗಾಲುಗಳನ್ನು ಗಮನಿಸುವಂತೆ ಯಾರಿಗಾದರೂ ಹೇಳಿ, ಅದು ಬೀಳದಂತೆ ಕಾಲನ್ನು ಹೊರಕ್ಕೆ ಊರಿಕೊಳ್ಳುವುದು ಕಾಣುತ್ತದೆ. ಕಟ್ಟೆ ಬಳಸುವುದು ಕುದುರೆಯ ಬೆನ್ನಿಗೂ ಜೀನಿನ ಒಳಚೌಕಟ್ಟಿಗೂ ಮಾಡುವ ಉಪಕಾರ, ಪಳಗಿದ ಎತ್ತರದ ಸವಾರರೂ ಅದನ್ನೇ ಬಳಸುತ್ತಾರೆ.

ಅಲುಗಾಡದ, 60 ಸೆಂಟಿಮೀಟರ್ ಎತ್ತರದ, ಮೂರು ಮೆಟ್ಟಿಲಿನ ಮರದ ಕಟ್ಟೆ ಮಾಡಿಸಿಕೊಂಡರೆ 14 ಹ್ಯಾಂಡ್‌ನ ಕುದುರೆಗೆ ಸಾಕು. ಪ್ಲಾಸ್ಟಿಕ್ ಸ್ಟೂಲು ಬೇಡ, ಅದು ಮಗುಚಿದರೆ ಕುದುರೆ ಬೆದರುತ್ತದೆ, ಪಾದ ರಿಕಾಪಿನಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಹೊರಗೆ ಸವಾರಿ ಹೋದಾಗ ಇಳಿಯಬೇಕಾಗಿ ಬಂದರೆ ಕುದುರೆಯನ್ನು ತಗ್ಗಿನಲ್ಲಿ ನಿಲ್ಲಿಸಿ, ನೀವು ದಿಬ್ಬದ ಮೇಲೆ ನಿಂತು ಹತ್ತಿ. ಹತ್ತಿದ ಮೇಲೆ ಹತ್ತು ನಿಮಿಷ ನಡೆಸಿ, ಜೀನನ್ನು ಬಿಗಿಯುವ, ಕುದುರೆಯ ಹೊಟ್ಟೆಯ ಪಟ್ಟಿ ಸಡಿಲವಾಗಿದೆಯೇ ಎಂದು ನೋಡಿ ಇನ್ನೊಂದು ರಂಧ್ರ ಬಿಗಿಮಾಡಿ. ಒಡಲು ದುಂಡಗಿರುವ ಪೋನಿಗಳ ಮೇಲೆ ಜೀನು ಪಕ್ಕಕ್ಕೆ ಜಾರುವುದು ಹೆಚ್ಚಾಗಿ ಆ ಮೊದಲ ಹತ್ತು ನಿಮಿಷಗಳಲ್ಲೇ.